ಖಾಲಿದ್ ಜಮೀಲ್‌ರನ್ನ ಕಿತ್ತಾಕಿ ಅನ್ನೋರಿಗೆ ನನ್ನದೊಂದಿಷ್ಟು ಪ್ರಶ್ನೆಗಳು

ಪೋಸ್ಟ್ ಉದ್ದ ಇದೆ, ಬಿಡುವಾದಾಗ ಓದಿ. ಇವತ್ತು ಮೀಸಲಾತಿ ಬಗ್ಗೆ ಅಲ್ಲ, ಒಳಮೀಸಲಾತಿ ಬಗ್ಗೆನೂ ಅಲ್ಲ. ಫುಟ್‌ಬಾಲ್ ಬಗ್ಗೆ. ಓದ್ತಾ ಓದ್ತಾ ಎರಡೂ ಒಂದೇ ಕಥೆ ಅನ್ನಿಸಿದ್ರೆ ಅದಕ್ಕೆ ನಾನು ಹೊಣೆಯಲ್ಲ.

ನವೆಂಬರ್ 18ಕ್ಕೆ ಢಾಕಾದಲ್ಲಿ ಬಾಂಗ್ಲಾದೇಶ ನಮ್ಮ ತಂಡವನ್ನ 1-0ಯಿಂದ ಸೋಲಿಸಿತು. 11ನೇ ನಿಮಿಷಕ್ಕೇ ಬಿದ್ದ ಒಂದು ಗೋಲನ್ನ ಉಳಿದ ಇಡೀ ಮ್ಯಾಚಲ್ಲಿ ನಮ್ಮ ಹುಡುಗ್ರು ತೀರಿಸೋಕಾಗಲಿಲ್ಲ. 2003ರ ನಂತರ ಬಾಂಗ್ಲಾ ಎದುರು ನಾವು ಸೋತಿದ್ದು ಇದೇ ಮೊದಲು. ಅದರ ಬೆನ್ನಿಗೇ ಬಂದ ಫಿಫಾ ಪಟ್ಟಿಯಲ್ಲಿ ಭಾರತ 142ನೇ ಸ್ಥಾನಕ್ಕೆ ಇಳಿದಿತ್ತು. 2023ರ ಜುಲೈನಲ್ಲಿ ಇದೇ ತಂಡ 99ರಲ್ಲಿತ್ತು. 2027ರ ಏಷ್ಯನ್ ಕಪ್ ಬಾಗಿಲು ಅದಕ್ಕೂ ಮೊದಲೇ, ಅಕ್ಟೋಬರ್ 14ಕ್ಕೆ ಮಡಗಾಂವ್‌ನಲ್ಲಿ ಸಿಂಗಾಪುರದ ಎದುರು ಸೋತಾಗಲೇ ಮುಚ್ಚಿತ್ತು. 24 ತಂಡಗಳು ಆಡೋ ಟೂರ್ನಿಗೆ 140 ಕೋಟಿ ಜನರ ದೇಶಕ್ಕೆ ಜಾಗ ಇಲ್ಲ. ಹಿಂದಿನ ಎರಡು ಸಲ ಇದ್ವಿ, ಈ ಸಲ ಇಲ್ಲ.

ಅವತ್ತಿಂದ ಶುರುವಾಗಿದೆ ಭಜನೆ. ಕೋಚ್ ಖಾಲಿದ್ ಜಮೀಲ್ ಹೋಗಲಿ, ಫಾರಿನ್ ಕೋಚ್ ಬರಲಿ, ನಮ್ಮೋರ ಕೈಲಿ ಆಗಲ್ಲ, ಇದೆಲ್ಲ ದೊಡ್ಡ ಲೆವೆಲ್ ಆಟ. ವಾಟ್ಸಾಪ್ ಗುಂಪಲ್ಲಿ ಒಬ್ಬರು ಬರೆದಿದ್ರು, "ಕೋಟಾದಲ್ಲಿ ಬಂದ ಕೋಚ್" ಅಂತ. ಭಾರತೀಯ ಅನ್ನೋ ಕಾರಣಕ್ಕೆ ಕೊಟ್ಟ ಹುದ್ದೆ ಅನ್ನೋ ಅರ್ಥದಲ್ಲಿ. ನೋಡಿ, ಆ 'ಕೋಟಾ' ಅನ್ನೋ ಬೈಗುಳ ಎಲ್ಲೆಲ್ಲಿ ಓಡಾಡುತ್ತೆ ಅಂತ. ಈ ಪೋಸ್ಟ್ ಬರೀಬೇಕು ಅನ್ನಿಸಿದ್ದೇ ಆ ಒಂದು ಪದಕ್ಕೆ.

ನನ್ನ ಅಭಿಪ್ರಾಯ ಸುತ್ತಿ ಬಳಸಿ ಹೇಳಲ್ಲ. ಖಾಲಿದ್ ಜಮೀಲ್‌ರನ್ನ ಈಗ ತೆಗೀಬಾರದು. ಅವರು ಮಹಾನ್ ಕೋಚ್ ಅಂತ ಅಲ್ಲ. ತೆಗೆಯೋ ಕೈಗಳು ಯಾವುವು, ಆ ಕೈಗಳು ಇಷ್ಟು ವರ್ಷ ಏನು ಮಾಡ್ತಿದ್ವು ಅನ್ನೋ ಕಾರಣಕ್ಕೆ.

ಮೊದಲು ಲೆಕ್ಕ ನೋಡೋಣ. ಗುಮಾಸ್ತ ನಾನು, ಕಡತ ಬಿಚ್ಚದೆ ಷರಾ ಬರೆಯೋ ಅಭ್ಯಾಸ ಇಲ್ಲ.

ಏಷ್ಯನ್ ಕಪ್ ಅರ್ಹತೆಗೆ ನಮ್ಮ ಗುಂಪಲ್ಲಿ ಇದ್ದಿದ್ದು ಹಾಂಗ್‌ಕಾಂಗ್, ಸಿಂಗಾಪುರ, ಬಾಂಗ್ಲಾದೇಶ. ಆರು ಮ್ಯಾಚ್. ಮೊದಲ ಎರಡಕ್ಕೆ ಕೋಚ್ ಸ್ಪೇನ್‌ನ ಮನೋಲೊ ಮಾರ್ಕೆಜ್. ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ, ನಮ್ಮದೇ ನೆಲದಲ್ಲಿ, ಬಾಂಗ್ಲಾ ಎದುರು 0-0. ಜೂನ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ 0-1. ಎರಡು ಮ್ಯಾಚಿಗೆ ಒಂದು ಪಾಯಿಂಟು, ಸೊನ್ನೆ ಗೋಲು. ಜುಲೈನಲ್ಲಿ ಅವರು ಬಿಟ್ಟು ಹೋದರು. ಆಗಸ್ಟ್ 1ಕ್ಕೆ ಖಾಲಿದ್ ಬಂದರು. ಸಿಂಗಾಪುರದಲ್ಲಿ ಹತ್ತು ಜನ ಆಡಿ, 90ನೇ ನಿಮಿಷಕ್ಕೆ ರಹೀಮ್ ಅಲಿ ಗೋಲು ಹೊಡೆದು 1-1. ಆಮೇಲೆ ಮಡಗಾಂವ್‌ನಲ್ಲಿ 1-2, ಢಾಕಾದಲ್ಲಿ 0-1. ಅಂದ್ರೆ ಐದು ಮ್ಯಾಚಿಗೆ ಎರಡು ಪಾಯಿಂಟು. ಒಂದು ಅವರದ್ದು, ಒಂದು ಇವರದ್ದು. ಗಾಡಿ ಆಗಲೇ ಹಳ್ಳಕ್ಕೆ ಇಳಿದಿತ್ತು, ಸ್ಟೇರಿಂಗ್ ಕೈಗೆ ಕೊಟ್ಟಿದ್ದು ಆಮೇಲೆ.

ಅದಕ್ಕೂ ಹಿಂದಕ್ಕೆ ಹೋಗಿ. 2024ರ ಇಡೀ ವರ್ಷ ಭಾರತ 11 ಮ್ಯಾಚ್ ಆಡಿ ಒಂದನ್ನೂ ಗೆಲ್ಲಲಿಲ್ಲ. ಜನವರಿಯ ಏಷ್ಯನ್ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ, ಮೂವರ ಎದುರೂ ಸೋತು ಒಂದೂ ಗೋಲು ಹೊಡೆಯದೆ ವಾಪಸ್ ಬಂದ್ವಿ. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಘಾನಿಸ್ತಾನಕ್ಕೆ ಸೋತ್ವಿ. ಆಗ ಇದ್ದವರು ಕ್ರೊಯೇಷಿಯಾದ ಇಗೊರ್ ಸ್ಟಿಮಾಚ್. 2019ರಿಂದ 2024ರವರೆಗೆ ಐದು ವರ್ಷ ಆ ಕುರ್ಚಿಯಲ್ಲಿ ಕೂತಿದ್ರು. 2022ರ ವಿಶ್ವಕಪ್ ಅರ್ಹತಾ ಸುತ್ತಲ್ಲಿ ಅವರ ತಂಡ ಎಂಟು ಮ್ಯಾಚಲ್ಲಿ ಗೆದ್ದಿದ್ದು ಒಂದೇ ಒಂದು. ಆದ್ರೂ ಕುರ್ಚಿ ಉಳೀತು, 2023ರಲ್ಲಿ ಒಪ್ಪಂದವನ್ನ 2026ಕ್ಕೆ ಎಳೆದ್ರು. ಎಂಟೇ ತಿಂಗಳಲ್ಲಿ ತೆಗೆದ್ರು. ಆಮೇಲೆ ಅವರ ಬಾಕಿ ತಕರಾರು ಮುಗಿಸೋಕೆ 4 ಲಕ್ಷ ಡಾಲರ್ ಕೊಟ್ಟರು ಅಂತ ಪತ್ರಿಕೆಗಳು ಬರೆದ್ವು. ಆ ದುಡ್ಡಲ್ಲಿ ಎಷ್ಟು ಜಿಲ್ಲೆಯ ಹುಡುಗ್ರಿಗೆ ಬೂಟು, ಚೆಂಡು ಬರ್ತಿತ್ತು ಅಂತ ನೀವೇ ಲೆಕ್ಕ ಹಾಕ್ಕೊಳ್ಳಿ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳ್ಬೇಕು. ಸ್ಟಿಮಾಚ್ ಕಾಲದಲ್ಲೇ ನಮ್ಮ ಕಂಠೀರವದಲ್ಲಿ 2023ರ ಸ್ಯಾಫ್ ಕಪ್ ಗೆದ್ದಿದ್ದು, 99ಕ್ಕೆ ಏರಿದ್ದೂ ಅವರ ಕಾಲದಲ್ಲೇ. ಅವರಿಗೆ ಟೈಮ್ ಕೊಟ್ಟಿದ್ದಕ್ಕೆ ಅದಾದ್ರೂ ಆಯ್ತು. ಕಷ್ಟ ಇರೋದು ಇಲ್ಲೇ. ಅವರಿಗೆ ಐದು ವರ್ಷ. ಮನೋಲೊ ಅವರಿಗೆ ಒಂದು ವರ್ಷ, ಅದೂ ಪಾರ್ಟ್ ಟೈಮ್. ಎಫ್‌ಸಿ ಗೋವಾ ಕ್ಲಬ್ಬಿಗೂ ಅವರೇ ಕೋಚು, ದೇಶಕ್ಕೂ ಅವರೇ ಕೋಚು. ಎಂಟು ಮ್ಯಾಚು, ಒಂದೇ ಗೆಲುವು, ಅದೂ ಮಾಲ್ಡೀವ್ಸ್ ಎದುರು. ಖಾಲಿದ್‌ಗೆ? ಮೂರೂವರೆ ತಿಂಗಳು, ಏಳು ಮ್ಯಾಚು. ಅಷ್ಟರಲ್ಲೇ 'ಇವನ ಲೆವೆಲ್ ಅಲ್ಲ' ಅನ್ನೋ ತೀರ್ಪು.

ಈ ಅಳತೆಗೋಲು ನನಗೆ ಚೆನ್ನಾಗಿ ಗೊತ್ತು. ಕಚೇರಿಗಳಲ್ಲಿ ನಮ್ಮೋರು ಒಬ್ಬರು ಬಡ್ತಿ ಸಿಕ್ಕಿ ಸೂಪರಿಂಟೆಂಡೆಂಟ್ ಕುರ್ಚಿಗೆ ಬಂದ್ರೆ ಏನಾಗುತ್ತೆ ಅಂತ ನೌಕರಿಯಲ್ಲಿರೋ ಗೆಳೆಯರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಹಿಂದಿನವರು ಆರು ವರ್ಷ ಪೇರಿಸಿಟ್ಟ ಬಾಕಿ ಕಡತ ಮೇಜಿನ ಮೇಲೆ ಇರುತ್ತೆ. ಆರು ವರ್ಷ ಯಾರೂ ಕೇಳಿರಲ್ಲ. ಇವರು ಬಂದ ಎರಡನೇ ತಿಂಗಳಿಗೆ ಸಾಹೇಬ್ರಿಗೆ ಅದೇ ಬಾಕಿ ಕಾಣುತ್ತೆ, ಕಾರಣ ಕೇಳಿ ನೋಟಿಸ್ ಬರುತ್ತೆ. ಕ್ಯಾಂಟೀನಲ್ಲಿ 'ನಾವು ಆಗಲೇ ಹೇಳಿರಲಿಲ್ವಾ' ಅನ್ನೋ ಪಿಸುಮಾತು. ತಪ್ಪು ನಮ್ಮೋರೂ ಮಾಡ್ತಾರೆ, ಮಾಡಲ್ಲ ಅಂತಲ್ಲ. ಆದ್ರೆ ಬೇರೆಯವರ ತಪ್ಪು ಅವರೊಬ್ಬರ ತಪ್ಪು. ನಮ್ಮೋರ ತಪ್ಪು ಇಡೀ ಕುಲದ ಲೆವೆಲ್ಲು.

'ಖಾಲಿದ್ ದಲಿತರಾ, ಇದಕ್ಕೂ ಜಾತಿ ತರ್ತೀರಲ್ಲ' ಅಂತ ಕಾಮೆಂಟ್ ಬರುತ್ತೆ ಅಂತ ಗೊತ್ತು. ಅಲ್ಲ. ಅವರು ದಲಿತರಲ್ಲ, ನನ್ನ ನೆಂಟರೂ ಅಲ್ಲ. ನಾನು ಹೇಳ್ತಿರೋದು ಅಳತೆಗೋಲಿನ ಮಾತು. 2012ರಿಂದ 2025ರವರೆಗೆ 13 ವರ್ಷ ಈ ದೇಶದ ತಂಡಕ್ಕೆ ಒಬ್ಬ ಭಾರತೀಯನೂ ಪೂರ್ಣಾವಧಿ ಮುಖ್ಯ ಕೋಚ್ ಆಗಲಿಲ್ಲ. ನೆದರ್‌ಲ್ಯಾಂಡ್ಸ್, ಇಂಗ್ಲೆಂಡ್, ಕ್ರೊಯೇಷಿಯಾ, ಸ್ಪೇನ್ ಎಲ್ಲಾ ಕಡೆಯವರೂ ಬಂದು ಹೋದ್ರು. 13 ವರ್ಷದ ಮೇಲೆ ಒಬ್ಬ ಬಂದ. 'ನಮ್ಮೋರಿಗೆ ಆಗಲ್ಲ' ಅನ್ನೋ ಮಾತನ್ನ ನಮ್ಮ ಬಾಯಿಂದಲೇ ಹೇಳಿಸ್ತಾರಲ್ಲ, ಆ ವಿದ್ಯೆ ಈ ದೇಶಕ್ಕೆ ಹೊಸದಲ್ಲ.

ಮತ್ತೆ ಖಾಲಿದ್ ಎಲ್ಲಿಂದ ಬಂದ್ರು ಅಂತಾನೂ ನೋಡಿ. 2016-17ರಲ್ಲಿ ಮಿಜೋರಾಂನ ಐಜಾಲ್ ಎಫ್‌ಸಿಯನ್ನ ಐ-ಲೀಗ್ ಚಾಂಪಿಯನ್ ಮಾಡಿದ್ರು. ದುಡ್ಡಿಲ್ಲದ ಕ್ಲಬ್ಬು. ಹಿಂದಿನ ವರ್ಷ ಕೆಳಗಿನ ದರ್ಜೆಗೆ ಬಿದ್ದು, ಹೆಂಗೋ ವಾಪಸ್ ಒಳಗೆ ಬಂದಿದ್ದ ಕ್ಲಬ್ಬು. ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ನಮ್ಮ ಬೆಂಗಳೂರು ಎಫ್‌ಸಿ ಎಲ್ಲರನ್ನೂ ಹಿಂದೆ ಹಾಕಿ ಗೆದ್ದಿತು. ನಾರ್ತ್‌ಈಸ್ಟ್ ಯುನೈಟೆಡ್‌ನ ಐಎಸ್‌ಎಲ್ ಸೆಮಿಗೆ ತಂದ್ರು, ಜಮ್‌ಶೆಡ್‌ಪುರವನ್ನೂ ತಂದ್ರು. ಎರಡು ವರ್ಷ ಸತತ ಫೆಡರೇಷನ್ನೇ ಅವರಿಗೆ ಅತ್ಯುತ್ತಮ ಕೋಚ್ ಪ್ರಶಸ್ತಿ ಕೊಟ್ಟಿದೆ. ಆಗ ಮೆರಿಟ್ ಇತ್ತು, ಮೂರು ಮ್ಯಾಚಿಗೆ ಆವಿಯಾಯ್ತು.

ಅವರ ತಪ್ಪು ಇಲ್ವಾ? ಇದೆ. ಮಡಗಾಂವ್‌ನಲ್ಲಿ ಛಾಂಗ್ಟೆ 14ನೇ ನಿಮಿಷಕ್ಕೇ ಚೆಂದದ ಗೋಲು ಹೊಡೆದ. ಅಲ್ಲಿಂದ ನಮ್ಮ ತಂಡ ಹಿಂದಕ್ಕೆ ಹಿಂದಕ್ಕೆ ಸರೀತು. ಒಬ್ಬನೇ ಸಿಂಗಾಪುರ ಆಟಗಾರ ಎರಡು ಹೊಡೆದ. ಗೆದ್ದ ಗೋಲನ್ನ ಬಚ್ಚಿಟ್ಟುಕೊಳ್ಳೋ ಆಟ ಅದು. ಚಿಕ್ಕ ಕ್ಲಬ್ಬಿಗೆ ಸರಿ, ದೇಶದ ತಂಡಕ್ಕೆ ಸಾಲದು. ಸುನಿಲ್ ಛೇತ್ರಿಯನ್ನ ಮೊದಲು ಬಿಟ್ಟು, ಆಮೇಲೆ 41ನೇ ವಯಸ್ಸಲ್ಲಿ ಮತ್ತೆ ಕರೆಸಿದ್ದು ನನಗೆ ಸರಿ ಕಾಣಲಿಲ್ಲ. ಛೇತ್ರಿ ಮೇಲೆ ನನಗೆ ಅಪಾರ ಗೌರವ. ಆದ್ರೆ ಬಿಟ್ಟ ಮೇಲೆ ಬಿಡಬೇಕು, ಆ ಜಾಗಕ್ಕೆ ಒಬ್ಬ ಹುಡುಗನ್ನ ತಯಾರು ಮಾಡ್ಬೇಕು. ಢಾಕಾ ಮ್ಯಾಚಿಗೆ ಕಳಕೊಳ್ಳೋದೇನೂ ಇರಲಿಲ್ಲ, ಅಲ್ಲೂ ತಂಡದಲ್ಲಿ ಹೆದರಿಕೆ ಕಾಣ್ತಿತ್ತು. ಇದನ್ನೆಲ್ಲ ಕೇಳ್ಬೇಕು, ಗಟ್ಟಿಯಾಗಿಯೇ ಕೇಳ್ಬೇಕು. ಕೇಳೋದು ಬೇರೆ, ಕಿತ್ತಾಕೋದು ಬೇರೆ.

ಕೋಚ್‌ನಿಂದ ಏನೂ ವ್ಯತ್ಯಾಸ ಆಗಲ್ಲ ಅಂತ ನಾನು ಹೇಳಲ್ಲ, ಅದು ಸುಳ್ಳು. ಗುವಾಹಟಿಯಲ್ಲಿ ನಮ್ಮನ್ನ ಸೋಲಿಸಿದ ಅಫ್ಘಾನಿಸ್ತಾನದ ಕೋಚ್ ಯಾರು ಗೊತ್ತಾ? ಆಶ್ಲಿ ವೆಸ್ಟ್‌ವುಡ್. 2025ರ ಜೂನ್‌ನಲ್ಲಿ ಸೋಲಿಸಿದ ಹಾಂಗ್‌ಕಾಂಗ್ ಕೋಚ್ ಯಾರು? ಅದೇ ಮನುಷ್ಯ. ಬೆಂಗಳೂರು ಎಫ್‌ಸಿ ಹುಟ್ಟಿದಾಗ ಅದರ ಮೊದಲ ಕೋಚ್ ಆಗಿ, ಮೊದಲ ವರ್ಷವೇ ಐ-ಲೀಗ್ ಗೆದ್ದುಕೊಟ್ಟವರು. ನಮ್ಮ ಆಟಗಾರರ ಕಾಲಿನ ಗುಟ್ಟು ಅವರಿಗೆ ಗೊತ್ತು. ಬೇರೆ ಬೇರೆ ಎರಡು ತಂಡ ಇಟ್ಟುಕೊಂಡು ಎರಡು ಸಲ ನಮ್ಮನ್ನ ಕೆಡವಿದ್ರು. ಕೋಚ್ ಅನ್ನೋದು ಮುಖ್ಯವೇ. ಆದ್ರೆ ನಮ್ಮನ್ನ ಢಾಕಾದಲ್ಲಿ ಸೋಲಿಸಿದ ಬಾಂಗ್ಲಾದ ಕೋಚ್ ಹಾವಿಯೆರ್ ಕಾಬ್ರೆರಾ 2022ರ ಜನವರಿಯಿಂದ ಅಲ್ಲೇ ಇದ್ರು. ಅವರೂ ಬೇಕಾದಷ್ಟು ಸೋತಿದ್ದಾರೆ. ಆ ಬಡ ದೇಶ ನಾಲ್ಕು ವರ್ಷದಲ್ಲಿ ಒಬ್ಬ ಕೋಚ್ ಇಟ್ಟುಕೊಳ್ತು, ನಾವು ಎರಡು ವರ್ಷದಲ್ಲಿ ಮೂವರನ್ನ ನೋಡಿದ್ವಿ. ಈಗ ನಾಲ್ಕನೆಯವರಿಗೆ ಅರ್ಜಿ ಕರೀಬೇಕಂತೆ.

ಅರ್ಜಿ ಅಂದಾಗ ನೆನಪಾಯ್ತು. ಮನೋಲೊ ಹೋದ ಮೇಲೆ 170 ಅರ್ಜಿ ಬಂದ್ವು ಅಂತ ಫೆಡರೇಷನ್ ಹೇಳ್ತು. ಅದರಲ್ಲಿ ಬಾರ್ಸಿಲೋನಾದ ಷಾವಿ ಹೆಸರೂ ಇದೆ, ದುಡ್ಡು ಜಾಸ್ತಿ ಆಗುತ್ತೆ ಅಂತ ಕೈಬಿಟ್ವಿ ಅನ್ನೋ ಸುದ್ದಿ ಬಂತು. ಎರಡು ದಿನಕ್ಕೆ ಆ ಇಮೇಲ್ ನಕಲಿ ಅಂತ ಫೆಡರೇಷನ್ನೇ ಒಪ್ಪಿಕೊಂಡಿತು. ನಮ್ಮ ಕಚೇರಿಗೆ ಬರೋ ಒಂದು ವಿಧವಾ ವೇತನದ ಅರ್ಜಿಗೆ ನಾಲ್ಕು ದಾಖಲೆ ಜೆರಾಕ್ಸ್ ಕೇಳ್ತೀವಿ ಸ್ವಾಮಿ. ಇವರು ದೇಶದ ಕೋಚ್ ಹುದ್ದೆಗೆ ಬಂದ ಮೇಲ್ ಅಸಲಾ ನಕಲಾ ಅಂತ ನೋಡಲಿಲ್ಲ. ಹಾಗೇ 2023ರಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ವರದಿ ಮಾಡಿದ್ದು ಓದಿದ್ದೀರಾ? ತಂಡದ ಆಟಗಾರರ ಪಟ್ಟಿಯನ್ನ ಕೋಚ್ ಸ್ಟಿಮಾಚ್ ಒಬ್ಬ ಜ್ಯೋತಿಷಿಗೆ ಕಳಿಸ್ತಿದ್ರು, ಆ ಜ್ಯೋತಿಷಿಯ ಪರಿಚಯ ಮಾಡಿಸಿದ್ದು ಫೆಡರೇಷನ್ ಅಧಿಕಾರಿಯೇ ಅಂತ. ಫಾರಿನ್ ಕೋಚ್ ಬಂದ್ರೆ ವೈಜ್ಞಾನಿಕ ತರಬೇತಿ ಬರುತ್ತೆ ಅನ್ನೋರು ಇದನ್ನ ಸ್ವಲ್ಪ ನೆನಪಲ್ಲಿಟ್ಟುಕೊಳ್ಳಿ.

ಈಗ ಅಸಲು ವಿಷಯ. ಈ ಫೆಡರೇಷನ್, ಎಐಎಫ್‌ಎಫ್. 2009ರಿಂದ 2022ರವರೆಗೆ ಪ್ರಫುಲ್ ಪಟೇಲ್ ಅಧ್ಯಕ್ಷರು. ಅವಧಿ 2020ಕ್ಕೆ ಮುಗಿದಿದ್ರೂ ಇಳಿಯಲಿಲ್ಲ, ಸುಪ್ರೀಂ ಕೋರ್ಟ್ ಇಳಿಸ್ಬೇಕಾಯ್ತು. 2022ರ ಆಗಸ್ಟಲ್ಲಿ ಫಿಫಾ ನಮ್ಮನ್ನ ಅಮಾನತು ಮಾಡ್ತು. ಆಮೇಲೆ ಎಲೆಕ್ಷನ್ನು. ಒಂದು ಕಡೆ ಭೈಚುಂಗ್ ಭುಟಿಯಾ, ಇನ್ನೊಂದು ಕಡೆ ಬಿಜೆಪಿ ನಾಯಕ, ಮಾಜಿ ಗೋಲ್‌ಕೀಪರ್ ಕಲ್ಯಾಣ್ ಚೌಬೆ. ಭುಟಿಯಾಗೆ ಬಿದ್ದಿದ್ದು ಒಂದು ಓಟು, ಚೌಬೆಗೆ 33. ಉಪಾಧ್ಯಕ್ಷ ನಮ್ಮ ಶಾಂತಿನಗರದ ಕಾಂಗ್ರೆಸ್ ಶಾಸಕ ಎನ್.ಎ. ಹ್ಯಾರಿಸ್. ಫುಟ್‌ಬಾಲ್ ಕುರ್ಚಿಗೆ ಬಂದಾಗ ಪಕ್ಷಗಳಿಗೆ ಜಗಳವೇ ಇಲ್ಲ ನೋಡಿ. ಈ ಮೂರು ವರ್ಷದಲ್ಲಿ ಮೂವರು ಕೋಚ್ ಆದ್ರು. ಅಧ್ಯಕ್ಷರು, ಉಪಾಧ್ಯಕ್ಷರು ಅವರೇ. ರ‍್ಯಾಂಕಿಂಗ್ 99ರಿಂದ 142ಕ್ಕೆ ಬಿದ್ದಿದ್ದಕ್ಕೆ ಇವರಿಗೆ ನೋಟಿಸ್ ಕೊಡೋರು ಯಾರು?

2025ರಲ್ಲಿ ಲೀಗೇ ನಿಂತುಹೋಗಿತ್ತು. 2010ರಲ್ಲಿ ರಿಲಯನ್ಸ್ ಕಡೆಯವರ ಜೊತೆ 15 ವರ್ಷಕ್ಕೆ 700 ಕೋಟಿ ರೂಪಾಯಿ ಒಪ್ಪಂದ ಮಾಡ್ಕೊಂಡಿದ್ರು, ಅದು 2025ರ ಡಿಸೆಂಬರ್‌ಗೆ ಮುಗೀತು. ಮುಗಿಯುತ್ತೆ ಅಂತ 15 ವರ್ಷದಿಂದ ಗೊತ್ತಿದ್ದ ತಾರೀಖು. ಜುಲೈನಲ್ಲೇ ಐಎಸ್‌ಎಲ್ ತಡೆಹಿಡಿದ್ರು. ಹೊಸ ಟೆಂಡರ್ ಕರೆದ್ರೆ ನವೆಂಬರ್ ಗಡುವಿನ ಒಳಗೆ ಒಂದೂ ಬಿಡ್ ಬರಲಿಲ್ಲ. ಆಟಗಾರರಿಗೆ ಆಡೋಕೆ ವಾರವಾರದ ಮ್ಯಾಚಿರಲಿಲ್ಲ, ಕೆಲವರಿಗೆ ಸಂಬಳದ ಗ್ಯಾರಂಟಿ ಇರಲಿಲ್ಲ. ಆಗಸ್ಟಲ್ಲಿ ಖಾಲಿದ್ ಮೊದಲ ಶಿಬಿರ ಕರೆದಾಗ ಮೋಹನ್ ಬಗಾನ್ ತನ್ನ ಆಟಗಾರರನ್ನ ಕಳಿಸಲೇ ಇಲ್ಲ. ಅಂಥ ಅರೆಬರೆ ತಂಡ ಕಟ್ಟಿಕೊಂಡು ತಜಿಕಿಸ್ತಾನವನ್ನ ಅವರ ನೆಲದಲ್ಲೇ 2-1ರಿಂದ ಸೋಲಿಸಿ, ಒಮಾನ್ ಎದುರು ಪೆನಾಲ್ಟಿಯಲ್ಲಿ ಗೆದ್ದು ಕಾಫಾ ಕಪ್‌ನಲ್ಲಿ ಮೂರನೇ ಸ್ಥಾನ ತಂದ್ರು. ಆಗ ಎಲ್ಲರೂ ಚಪ್ಪಾಳೆ ಹೊಡೆದ್ವಿ. ಢಾಕಾ ಸೋಲಿಗೆ ಎರಡು ತಿಂಗಳ ಮುಂಚಿನ ಮಾತು ಇದು.

ಭಾರತೀಯ ಕೋಚ್‌ಗಳ ಕೈಲಿ ಆಗಲ್ಲ ಅನ್ನೋ ವಾದಕ್ಕೆ ಉತ್ತರ ನಮ್ಮ ಹೆಣ್ಣುಮಕ್ಕಳೇ ಕೊಟ್ಟಿದ್ದಾರೆ. ಜುಲೈ 5ಕ್ಕೆ ಥಾಯ್ಲೆಂಡ್‌ಗೇ ಹೋಗಿ, ತಮಗಿಂತ ಮೇಲಿನ ರ‍್ಯಾಂಕಿನ ಥಾಯ್ಲೆಂಡನ್ನ 2-1ರಿಂದ ಸೋಲಿಸಿದ್ರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಹೊಡೆದಿದ್ದು. ಅರ್ಹತಾ ಸುತ್ತು ಗೆದ್ದು ಮಹಿಳಾ ಏಷ್ಯನ್ ಕಪ್‌ಗೆ ಹೋಗಿದ್ದು ಅದೇ ಮೊದಲು. ಆಗಿನ ಕೋಚ್ ಕ್ರಿಸ್ಪಿನ್ ಛೆಟ್ರಿ, ಭಾರತೀಯ. 2025ರ ನವೆಂಬರ್ 30ಕ್ಕೆ ಅಹಮದಾಬಾದ್‌ನಲ್ಲಿ 17 ವರ್ಷದೊಳಗಿನ ಹುಡುಗ್ರು ಇರಾನ್ ಅನ್ನೋ ಬೆಟ್ಟವನ್ನ 2-1ರಿಂದ ಕೆಡವಿ ಏಷ್ಯನ್ ಕಪ್‌ಗೆ ಹೋದ್ರು. ಕೋಚ್ ಗೋವಾದ ಬಿಬಿಯಾನೊ ಫರ್ನಾಂಡಿಸ್. ಈ ಎರಡು ಸುದ್ದಿಗೆ ಎಷ್ಟು ಜನ ಸ್ಟೇಟಸ್ ಹಾಕಿದ್ರಿ? ಢಾಕಾ ಸೋಲಿಗೆ ಮಾತ್ರ ಎಲ್ಲರೂ ಫುಟ್‌ಬಾಲ್ ಪಂಡಿತರು.

ಹಳೇ ಕಥೆ ಒಂದಿದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸಲ್ಲಿ ಯುಗೊಸ್ಲಾವಿಯಾ ನಮ್ಮನ್ನ 10-1ರಿಂದ ಹೊಡೆದು ಹಾಕಿತ್ತು. ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್, ವೃತ್ತಿಯಲ್ಲಿ ಮೇಷ್ಟ್ರು. ಇವತ್ತಿನ ಫೇಸ್‌ಬುಕ್ ಅವತ್ತಿದ್ದಿದ್ರೆ ಅವರ ಗತಿ ಏನಾಗ್ತಿತ್ತೋ. ಆ ಸೋಲಿಗೆ ಅವರ ಬಾಗಿಲು ಮುಚ್ಚಲಿಲ್ಲ. ಅದೇ ರಹೀಮ್ ಸಾಹೇಬ್ರ ತಂಡ 1956ರ ಮೆಲ್ಬರ್ನ್ ಒಲಿಂಪಿಕ್ಸಲ್ಲಿ ನಾಲ್ಕನೇ ಸ್ಥಾನ ತಂತು, 1962ರ ಜಕಾರ್ತಾ ಏಷ್ಯಾಡಲ್ಲಿ ಕೊರಿಯಾವನ್ನ ಸೋಲಿಸಿ ಚಿನ್ನ ತಂತು. ಅಂಥ ದಿನ ಆಮೇಲೆ ಬರಲೇ ಇಲ್ಲ.

ಆ ಕಾಲದ ತಂಡಗಳಲ್ಲಿ ನಮ್ಮ ಬೆಂಗಳೂರಿನ ಹುಡುಗ್ರು ಇದ್ರು. 1948ರ ಲಂಡನ್ ಒಲಿಂಪಿಕ್ಸಲ್ಲಿ ಫ್ರಾನ್ಸ್ ಎದುರು ಭಾರತದ ಗೋಲು ಹೊಡೆದಿದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಬಹುತೇಕ ತಂಡ ಬರಿಗಾಲಲ್ಲಿ ಆಡಿತ್ತು. ಮೈಸೂರು ರಾಜ್ಯದ ತಂಡ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. ನಾಲ್ಕನೆಯದು ಆದ ಮೇಲೆ ಮುಂದಿನದಕ್ಕೆ 54 ವರ್ಷ ಕಾಯ್ಬೇಕಾಯ್ತು, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸೋವರೆಗೆ. ಆ 54 ವರ್ಷದಲ್ಲಿ ಏನಾಯ್ತು? ಹಲಸೂರು ಹತ್ತಿರದ ಗೌತಮಪುರಕ್ಕೆ ಹೋಗಿ ನೋಡಿ. ಬುದ್ಧ, ಬಾಬಾಸಾಹೇಬ್, ಮದರ್ ತೆರೇಸಾ ಜೊತೆ ಪೆಲೆ ಪ್ರತಿಮೆ ನಿಲ್ಲಿಸಿಕೊಂಡಿರೋ ಬೀದಿ ಅದು. ಬಾಬಾಸಾಹೇಬರ ಪಕ್ಕ ಒಬ್ಬ ಕರಿಯ ಫುಟ್‌ಬಾಲ್ ಆಟಗಾರನಿಗೆ ಜಾಗ ಕೊಟ್ಟ ಜನ ನಮ್ಮ ಜನ. ಅಲ್ಲಿ, ಆಸ್ಟಿನ್ ಟೌನ್‌ನಲ್ಲಿ ಆಟ ಕಲಿತ ಹುಡುಗ್ರಿಗೆ ಒಂದು ಕಾಲಕ್ಕೆ ಐಟಿಐ, ಎಚ್‌ಎಎಲ್ ತಂಡಗಳಿದ್ವು. ಚೆನ್ನಾಗಿ ಆಡಿದ್ರೆ ಸರ್ಕಾರಿ ಕಾರ್ಖಾನೆಯಲ್ಲಿ ನೌಕರಿ, ಪಿಎಫ್, ಕ್ವಾರ್ಟರ್ಸ್. ಕೇರಿಯ ಮನೆಗೆ ಫುಟ್‌ಬಾಲ್ ಅಂದ್ರೆ ಆಟ ಅಲ್ಲ, ಒಂದು ತಲೆಮಾರು ಮೇಲೆ ಬರೋ ಏಣಿ. ಕಾರ್ಖಾನೆಗಳು ಸೊರಗಿದ್ವು, ತಂಡಗಳು ಹೋದ್ವು, ಏಣಿ ಹೋಯ್ತು. ಅದರ ಜಾಗಕ್ಕೆ ತಿಂಗಳಿಗೆ ಇಷ್ಟು ಸಾವಿರ ಫೀಸು ಕಟ್ಟೋ ಅಕಾಡೆಮಿಗಳು, ಗಂಟೆಗೆ ಇಷ್ಟು ಅಂತ ಬಾಡಿಗೆ ಕೊಟ್ಟು ಆಡೋ ಟರ್ಫ್‌ಗಳು ಬಂದಿವೆ. ಪೌರಕಾರ್ಮಿಕರ ಮಗ ಯಾವ ಟರ್ಫ್‌ಗೆ ಹೋಗ್ತಾನೆ?

ಛಾಂಗ್ಟೆ ಆಮೇಲೆ ಯಾರು, ಆ ಹುಡುಗ ಎಲ್ಲಿ ಬೆಳೀತಿದ್ದಾನೆ ಅನ್ನೋದು ಕೋಚ್ ಕೈಲಿಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ತಗೊಂಡಿದ್ದಾರೆ, ಸ್ವಾಗತ. ಇನ್ನೂ ನಾಲ್ಕು ಜನ ಬರಲಿ. ಆದ್ರೆ ಅದು ಮನೇಲಿ ಬಾವಿ ಇಟ್ಟುಕೊಂಡು ಟ್ಯಾಂಕರ್ ನೀರು ತರಿಸಿದಂಗೆ. ಖಾಲಿದ್ ಹೆಸರನ್ನ ಶಿಫಾರಸು ಮಾಡಿದ ತಾಂತ್ರಿಕ ಸಮಿತಿ ಅಧ್ಯಕ್ಷ ಐ.ಎಂ. ವಿಜಯನ್. ತ್ರಿಶೂರಿನ ಸ್ಟೇಡಿಯಂನಲ್ಲಿ ಸೋಡಾ ಮಾರ್ತಿದ್ದ ಹುಡುಗ ಅವರು, ದೇಶದ ಕ್ಯಾಪ್ಟನ್ ಆದ್ರು, 2025ರಲ್ಲಿ ಪದ್ಮಶ್ರೀ ಬಂತು. ಕೇರಳ ಪೊಲೀಸ್ ತಂಡ ಅವರಿಗೆ ನೌಕರಿ ಕೊಡದೆ ಇದ್ದಿದ್ರೆ ಅವರು ಇನ್ನೂ ಸೋಡಾನೇ ಮಾರ್ತಿದ್ರೋ ಏನೋ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಖಾಲಿದ್ ಜೊತೆ ಎರಡು ವರ್ಷದ ಒಪ್ಪಂದ ಆಗಿದೆ, ಅದನ್ನ ಪೂರ್ತಿ ಮಾಡೋಕೆ ಬಿಡಿ. ಅವರಿಂದ ಢಾಕಾ, ಮಡಗಾಂವ್ ಮ್ಯಾಚುಗಳ ವರದಿ ಲಿಖಿತವಾಗಿ ತಗೊಂಡು ಜನರ ಮುಂದೆ ಇಡಿ. ಜೊತೆಗೆ ಫೆಡರೇಷನ್ ಅಧ್ಯಕ್ಷರು, ಉಪಾಧ್ಯಕ್ಷರು ತಮ್ಮ ಮೂರು ವರ್ಷದ ವರದಿಯನ್ನೂ ಇಡಲಿ. ಹ್ಯಾರಿಸ್ ಸಾಹೇಬ್ರೇ, ಆಸ್ಟಿನ್ ಟೌನ್ ನಿಮ್ಮದೇ ಕ್ಷೇತ್ರ. ಅಲ್ಲಿಂದ ಇನ್ನೊಬ್ಬ ದೇಶದ ತಂಡಕ್ಕೆ ಯಾವಾಗ ಬರ್ತಾನೆ ಅಂತ ನೀವೇ ಹೇಳ್ಬೇಕು, ಖಾಲಿದ್ ಅಲ್ಲ.

2026ರ ಮಾರ್ಚ್ 31ಕ್ಕೆ ಹಾಂಗ್‌ಕಾಂಗ್ ಜೊತೆ ಕೊನೆ ಮ್ಯಾಚ್ ಇತ್ತು, ಇಲ್ಲೇ ನಮ್ಮ ದೇಶದಲ್ಲಿ. ಗೆದ್ರೂ ಸೋತ್ರೂ ಏಷ್ಯನ್ ಕಪ್ ಇರಲಿಲ್ಲ. ಅವತ್ತು ಖಾಲಿದ್ ಹಳಬರನ್ನ ಕೂರಿಸಿ, 20-22 ವರ್ಷದ ಹುಡುಗ್ರನ್ನ ಇಳಿಸಿ, ಮುಂದಕ್ಕೆ ಹೋಗಿ ಆಡೋಕೆ ಹೇಳಲಿ ಅನ್ನೋದು ನನ್ನ ಆಸೆಯಾಗಿತ್ತು. ಸೋತ್ರೆ ಸೋಲಲಿ. ಹಿಂದಕ್ಕೆ ಸರಿದು ಸೋತ್ರೆ ಮಾತ್ರ ಆಗ ನಾನೂ ಅವರ ವಿರುದ್ಧ ಬರೀತೀನಿ.